ಕಡಲಿನ ಲೆಕ್ಕ, ಎರೆಹೊಲದ ಮಳೆ

ಬೀದರ ಜಿಲ್ಲೆಯ ಉತ್ತರ ಭಾಗದಲ್ಲಿ, ಔರಾದ ಸೀಮೆಯಲ್ಲಿರುವ ಠಾಣಾ ಕುಶನೂರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ನಾಲ್ಕು ನೂರು ಕಿಲೋಮೀಟರಿಗೂ ಮಿಕ್ಕ ನೆಲವಿದೆ. ಕಡಲು ಅಂದರೆ ಅಲ್ಲಿ ನಕಾಶೆಯ ನೀಲಿ ಬಣ್ಣವಷ್ಟೆ. ಆದರೆ ಮಿರಗದ ಮಳೆ ಬೀಳುತ್ತಿದ್ದಂತೆ ಎರೆಹೊಲದಲ್ಲಿ ಉದ್ದು, ಹೆಸರು, ತೊಗರಿ, ಸೋಯಾ ಬಿತ್ತುವ ರೈತ ಕಾಯುವುದು ಆ ಕಡಲಿನಿಂದ ಎದ್ದು ಬರುವ ನೀರನ್ನೇ. ಬಿದ್ದ ಮಳೆ ಹಳ್ಳ ಹಿಡಿದು ಮಾಂಜ್ರಾ ನದಿಯನ್ನು ಸೇರುತ್ತದೆ. ಮಾಂಜ್ರಾ ಗೋದಾವರಿಯನ್ನು, ಗೋದಾವರಿ ಬಂಗಾಳ ಕೊಲ್ಲಿಯನ್ನು.

ಈ ವರ್ಷ ಮಳೆ ಹೇಗೆ ಎಂದು ಮುಂಚಿತವಾಗಿ ಹೇಳಬೇಕಾದವರು ಕಡಲಿನ ಬಿಸಿಯನ್ನು ನೋಡಲೇಬೇಕು. ಎಲ್ಲಿ ಎಷ್ಟು ಕಾದಿದೆ? ಹಿಂದಿನ ಮೂವತ್ತು ನಲವತ್ತು ವರ್ಷಗಳಿಗೆ ಹೋಲಿಸಿದರೆ ಹೆಚ್ಚೋ, ಕಡಿಮೆಯೋ? ಪ್ರಶ್ನೆ ಸರಳ. ಆದರೆ ಉತ್ತರಕ್ಕೆ ಮೊದಲು ಮಾಡಬೇಕಾದ ಕೆಲಸ ಅಪ್ಪಟ ಗುಮಾಸ್ತಿಕೆಯದು. ಎಲ್ಲೆಲ್ಲೋ, ಯಾವ ಯಾವ ಹೊತ್ತಿನಲ್ಲೋ ಅಳೆದ ಅಂಕಿಗಳನ್ನು ಒಂದೇ ಅಳತೆಯ ಮನೆಗಳಲ್ಲಿ ಕೂರಿಸಬೇಕು. ಕೂರಿಸಿದ್ದನ್ನು ಹಳೆಯ ದಾಖಲೆಯ ಬಾಲಕ್ಕೆ ಜೋಡಿಸಬೇಕು. ಇದನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಹೀಗೆ ಹೀಗೆ ಮಾಡು ಎಂದು ಅದಕ್ಕೆ ಬರೆದುಕೊಡುವ ಆಜ್ಞೆಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ಪತ್ರಿಕೆಗಳಲ್ಲಿ ಉಪಗ್ರಹದ ಚಿತ್ರ ಬರುತ್ತದೆ, ಸೂಪರ್ ಕಂಪ್ಯೂಟರಿನ ಚಿತ್ರ ಬರುತ್ತದೆ. ಈ ಕೆಲಸದ ಚಿತ್ರ ಯಾರೂ ತೆಗೆಯುವುದಿಲ್ಲ. ತಪ್ಪುಗಳು ಅಡಗಿ ಕೂರುವುದು ಮಾತ್ರ ಹೆಚ್ಚಾಗಿ ಇಲ್ಲಿಯೇ!

ಕಡಲನ್ನು ಅಳೆಯುವವರು

ಸಮುದ್ರದ ಮೇಲೆ ತಾಲೂಕು ಕಚೇರಿಗಳಿಲ್ಲ, ಮಳೆಮಾಪಕ ನೋಡುವ ನೌಕರನಿಲ್ಲ. ಬಹುಕಾಲದವರೆಗೆ ಕಡಲಿನ ಬಿಸಿ ತಿಳಿಯುತ್ತಿದ್ದುದು ಹಡಗುಗಳವರಿಂದ. ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ನೀರು ಸೇದಿ, ಅದರಲ್ಲಿ ಉಷ್ಣಮಾಪಕ ಅದ್ದಿ ಬರೆದಿಡುತ್ತಿದ್ದರು. ಹಡಗುಗಳು ಓಡಾಡುವ ದಾರಿಯಲ್ಲಿ ಅಂಕಿಗಳ ರಾಶಿ, ಓಡಾಡದ ಕಡೆ ಬರೀ ಖಾಲಿ. ಆಮೇಲೆ ಉಪಗ್ರಹಗಳು ಬಂದವು. ಅವುಗಳಲ್ಲಿಯೂ ಅವಕೆಂಪು ಕಿರಣಗಳಿಂದ ನೋಡುವಂಥವು ಮಳೆಗಾಲದ ಮೋಡ ಕವಿದಾಗ ಕುರುಡಾಗುತ್ತವೆ. ನಮಗೆ ಬೇಕಾದದ್ದೇ ಆ ಮೋಡದ ದಿನಗಳ ಸಮುದ್ರ! 1997ರ ನವೆಂಬರ್‌ನಲ್ಲಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದ ಸೂಕ್ಷ್ಮತರಂಗ ಉಪಕರಣ ಮೋಡದೊಳಗಿಂದ ಉಷ್ಣಕಟಿಬಂಧದ ಕಡಲನ್ನು ನೋಡತೊಡಗಿದ ಮೇಲೆ ಈ ತೊಡಕು ಅರ್ಧ ತೀರಿತು.

ಇವೆಲ್ಲಕ್ಕಿಂತ ಸ್ವಾರಸ್ಯದ ಸಾಧನ ಆರ್ಗೋ ಫ್ಲೋಟ್. ಆಳೆತ್ತರದ ಕೊಳವೆಯಂಥ ಈ ತೇಲುಸಾಧನವನ್ನು ಹಡಗಿನಿಂದ ನೀರಿಗೆ ಬಿಟ್ಟರೆ ಅದು ಸುಮಾರು 1000 ಮೀಟರ್ ಆಳಕ್ಕೆ ಇಳಿದು ಪ್ರವಾಹದೊಡನೆ ತೇಲುತ್ತಿರುತ್ತದೆ. ಹತ್ತು ದಿನಗಳಿಗೊಮ್ಮೆ 2000 ಮೀಟರ್‌ವರೆಗೆ ಮುಳುಗಿ, ಅಲ್ಲಿಂದ ಮೇಲೇರುತ್ತ ದಾರಿಯುದ್ದಕ್ಕೂ ನೀರಿನ ಬಿಸಿಯನ್ನೂ ಉಪ್ಪಿನಂಶವನ್ನೂ ಅಳೆದು, ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸಿ, ಮತ್ತೆ ಮುಳುಗುತ್ತದೆ. 2007ರ ನವೆಂಬರ್ ಹೊತ್ತಿಗೆ ಜಗತ್ತಿನ ಕಡಲುಗಳಲ್ಲಿ ಇಂಥ 3000 ಫ್ಲೋಟುಗಳಿದ್ದವು. ಈಗ ಹತ್ತಿರ ಹತ್ತಿರ 4000. ಭಾರತ 2002ರಿಂದ ತನ್ನ ಪಾಲಿನ ಫ್ಲೋಟುಗಳನ್ನು ಬಿಡುತ್ತ ಬಂದಿದೆ. ಹಿಂದೂ ಮಹಾಸಾಗರದ ಆರ್ಗೋ ಅಂಕಿಗಳನ್ನು ಒಟ್ಟುಮಾಡಿ ನೋಡಿಕೊಳ್ಳುವ ಕೇಂದ್ರ ಇರುವುದು ಹೈದರಾಬಾದಿನಲ್ಲಿ. 1999ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅದೇ. ಸಮುದ್ರವಿಲ್ಲದ ಬೀದರಿಗೆ ಸಮುದ್ರದ ದಫ್ತರ ಮಾತ್ರ ಬಸ್ಸಿನಲ್ಲಿ ಕೆಲವೇ ತಾಸುಗಳ ಹಾದಿ!

ಠಾಣಾ ಕುಶನೂರಿನ ಮನೆ

ಹೀಗೆ ಬಂದ ಅಂಕಿಗಳಿಗೆ ಶಿಸ್ತಿಲ್ಲ. ಒಂದು ಫ್ಲೋಟ್ ಇಂದು ಇಲ್ಲಿ ಎದ್ದರೆ ಹತ್ತು ದಿನ ಬಿಟ್ಟು ಇನ್ನೆಲ್ಲೋ. ಅದಕ್ಕಾಗಿ ವಿಜ್ಞಾನಿಗಳು ಭೂಮಿಯ ಮೇಲೆ ಚೌಕಾಬಾರದ ಹಾಸಿನಂತೆ ಗೆರೆ ಎಳೆದು ಮನೆಗಳನ್ನು ಮಾಡಿಕೊಳ್ಳುತ್ತಾರೆ. ಈ ಜಾಲಕ್ಕೆ ಗ್ರಿಡ್ ಎನ್ನುತ್ತಾರೆ. ಪ್ರತಿ ಮನೆಗೆ ಪ್ರತಿ ದಿನಕ್ಕೆ ಒಂದು ಅಂಕಿ. ಹಾಗಾದರೆ ಮಾತ್ರ ಹೋಲಿಸಲು, ಕೂಡಲು, ಕಳೆಯಲು ಬರುತ್ತದೆ.

ನೆಲದ ಮೇಲಿನ ಉದಾಹರಣೆಯೇ ಹೆಚ್ಚು ಸುಲಭ. ಠಾಣಾ ಕುಶನೂರು ಇರುವುದು 18 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಮೇಲೆ, 77 ಡಿಗ್ರಿ ಪೂರ್ವ ರೇಖಾಂಶಕ್ಕೆ ತುಸು ಆಚೆ. ಹವಾಮಾನ ಇಲಾಖೆಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ದೇಶದ ಮಳೆಯ ಗ್ರಿಡ್‌ನಲ್ಲಿ ಒಂದೊಂದು ಮನೆಯೂ ಒಂದು ಡಿಗ್ರಿಯದು. 18ರಿಂದ 19, 77ರಿಂದ 78ರ ಮನೆಯಲ್ಲಿ ಠಾಣಾ ಕುಶನೂರು, ಔರಾದ, ಭಾಲ್ಕಿ ಬೀಳುತ್ತವೆ. ಭಾಲ್ಕಿಯದು ಹೊಸ್ತಿಲ ಮೇಲೆಯೇ ಸ್ಥಾನ. ಬೀದರ ಪಟ್ಟಣ 18 ಡಿಗ್ರಿ ಗೆರೆಯ ಕೆಳಗಿರುವುದರಿಂದ ಕೆಳಮನೆಗೆ ಹೋಯಿತು! ಬದಲಿಗೆ ಮಹಾರಾಷ್ಟ್ರದ ಉದಗೀರ, ದೇಗಲೂರು, ತೆಲಂಗಾಣದ ನಾರಾಯಣಖೇಡ ಠಾಣಾ ಕುಶನೂರಿನ ಮನೆಯವರಾದವು. ಗ್ರಿಡ್ಡಿಗೆ ಜಿಲ್ಲೆಯೂ ಗೊತ್ತಿಲ್ಲ, ರಾಜ್ಯವೂ ಗೊತ್ತಿಲ್ಲ.

ಈ ಮನೆ ಉತ್ತರ ದಕ್ಷಿಣ ಸುಮಾರು 111 ಕಿಲೋಮೀಟರ್, ಪೂರ್ವ ಪಶ್ಚಿಮ ಸುಮಾರು 105. ಎರಡೂ ಒಂದೇ ಏಕಲ್ಲ ಎಂದು ಹತ್ತನೆಯ ತರಗತಿಯ ವಿದ್ಯಾರ್ಥಿ ಕೇಳಬೇಕು. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒತ್ತಿಕೊಳ್ಳುತ್ತವೆ; ಅಗಲವನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು. 60 ಡಿಗ್ರಿಯಲ್ಲಿ ಮನೆಯ ಅಗಲ ಅರ್ಧಕ್ಕರ್ಧ ಕಡಿಮೆ. ಇದನ್ನು ಮರೆತು ಎಲ್ಲ ಮನೆಗಳನ್ನೂ ಸರಿಸಮ ಎಂದು ಕೂಡಿದರೆ ಧ್ರುವದ ತಣ್ಣನೆಯ ನೀರಿಗೆ ಇಲ್ಲದ ತೂಕ ಬಂದು ಇಡೀ ಕಡಲು ತಂಪಾಗಿ ಕಾಣುತ್ತದೆ. 2014ರಲ್ಲಿ ಮಳೆಯ ಗ್ರಿಡ್ ಇನ್ನೂ ಸಣ್ಣದಾಯಿತು. ಕಾಲು ಡಿಗ್ರಿಯ ಮನೆಗಳು, 6955 ಮಳೆಮಾಪಕಗಳ ಅಂಕಿಗಳು, 1901ರಿಂದ 2010ರವರೆಗಿನ ದಿನದಿನದ ಲೆಕ್ಕ.

ಒಬ್ಬರ ಗ್ರಿಡ್ ಒಂದು ಡಿಗ್ರಿಯದು, ಇನ್ನೊಬ್ಬರದು ಕಾಲು ಡಿಗ್ರಿಯದು. ಇವೆರಡನ್ನೂ ಹೋಲಿಸಬೇಕಾದರೆ ಒಂದನ್ನು ಇನ್ನೊಂದರ ಮನೆಗಳಿಗೆ ವರ್ಗಾಯಿಸಬೇಕು. ಮರುಗ್ರಿಡ್ ಮಾಡುವುದು ಅಂದರೆ ಇದು.

ನಕ್ಷತ್ರದಿಂದ ತಿಂಗಳಿಗೆ

ನಮ್ಮ ರೈತರಿಗೆ ಈ ಕೆಲಸ ಹೊಸದೇನಲ್ಲ. ಅವರು ಮಳೆ ಎಣಿಸುವುದು ಜೂನ್, ಜುಲೈ ಎಂದಲ್ಲ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಎಂದು. ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಕಾಲದ ಮೇಲೆ ಎಳೆದ ಗ್ರಿಡ್ ಅದು. ಸರ್ಕಾರದ ಲೆಕ್ಕ ಮಾತ್ರ ಇಂಗ್ಲಿಷ್ ತಿಂಗಳಿನದು. ಮನೆಯ ಹಿರಿಯರ ವಹಿಯನ್ನು ಸರ್ಕಾರದ ಪಟ್ಟಿಯೊಡನೆ ಹೋಲಿಸಬೇಕೆಂದರೆ ನಕ್ಷತ್ರದ ಮನೆಯಿಂದ ತಿಂಗಳಿನ ಮನೆಗೆ ಮಳೆಯನ್ನು ಸಾಗಿಸಬೇಕು.

ಆರಿದ್ರಾ ಮಳೆ ಜೂನ್ 22ರಿಂದ ಜುಲೈ 5ರವರೆಗೆ ಎಂದಿಟ್ಟುಕೊಳ್ಳಿ. ಒಟ್ಟು 14 ದಿನ. ವಹಿಯಲ್ಲಿ ಬರೆದದ್ದು 70 ಮಿಲಿಮೀಟರ್. ದಿನಕ್ಕೆ 5ರಂತೆ ಹಂಚಿದರೆ ಜೂನ್‌ನ 9 ದಿನಗಳಿಗೆ 45, ಜುಲೈನ 5 ದಿನಗಳಿಗೆ 25. ಒಟ್ಟು 70 ಕೆಡಲಿಲ್ಲ. ಮಳೆಯಂಥ ಮೊತ್ತದ ಅಂಕಿಗಳಿಗೆ ಇದೇ ಮೊದಲ ನಿಯಮ. ಮನೆ ಬದಲಾದರೂ ಒಟ್ಟು ನೀರು ಬದಲಾಗಕೂಡದು.

ಆದರೆ ನಿಜಕ್ಕೂ ಮಳೆ ದಿನಕ್ಕೆ 5ರಂತೆ ಸುರಿಯಿತೆ? ಯಾವ ಮಳೆಯೂ ಹಾಗೆ ಸುರಿಯುವುದಿಲ್ಲ. 70ಕ್ಕೆ 70 ಜುಲೈ 3ರ ಒಂದೇ ರಾತ್ರಿ ಬಿದ್ದಿರಬಹುದು. ಆಗ ಜೂನ್‌ನ 45 ಎಂಬುದು ಕಾಗದದ ಮೇಲಿನ ಮಳೆ. ಹೊಲದಲ್ಲಿ ಬೀಜ ಒಣಗುತ್ತಿದ್ದಾಗ ಪಟ್ಟಿಯಲ್ಲಿ ಮಳೆಯಾಗಿದೆ! ಮರುಗ್ರಿಡ್ ಮಾಡಿದ ಅಂಕಿಗೆ ಅಳತೆಯ ಅಂಕಿಯಷ್ಟೇ ಗೌರವ ಕೊಡುವವರು ಇದನ್ನು ಮರೆಯುತ್ತಾರೆ. ಗ್ರಿಡ್ಡಿನ ಮನೆ ತುಂಬಿದೆ ಅಂದ ಮಾತ್ರಕ್ಕೆ ಅಲ್ಲಿ ಯಾರೋ ಅಳೆದಿದ್ದಾರೆ ಎಂದಲ್ಲ.

ಕಡಲಿನ ಬಿಸಿಗೆ ಬೇರೆ ನಿಯಮ. ಅದು ಮೊತ್ತವಲ್ಲ, ಮಟ್ಟ. ಫ್ಲೋಟ್ 8 ಮೀಟರ್ ಆಳದಲ್ಲಿ 28.6 ಡಿಗ್ರಿ, 18 ಮೀಟರ್ ಆಳದಲ್ಲಿ 28.1 ಡಿಗ್ರಿ ಸೆಲ್ಸಿಯಸ್ ತೋರಿತು ಅನ್ನಿ. ನಮಗೆ ಬೇಕಾದದ್ದು 10 ಮೀಟರಿನದು. ಹತ್ತು ಮೀಟರ್ ಇಳಿದರೆ ಅರ್ಧ ಡಿಗ್ರಿ ಕಡಿಮೆ, ಎರಡು ಮೀಟರಿಗೆ 0.1, ಆದ್ದರಿಂದ 28.5. ಅಮೆರಿಕದ ಲೆವಿಟಸ್ 1982ರಲ್ಲಿ ಪ್ರಕಟಿಸಿದ ಜಗತ್ತಿನ ಕಡಲುಗಳ ಅಟ್ಲಾಸಿನಲ್ಲಿ ಹೀಗೆ 33 ಗೊತ್ತಾದ ಆಳಗಳಿಗೆ, ಒಂದು ಡಿಗ್ರಿಯ ಮನೆಗಳಿಗೆ ಅಂಕಿಗಳನ್ನು ಕೂರಿಸಲಾಯಿತು. ಮುಂದೆ ಬಂದ ಎಷ್ಟೋ ಲೆಕ್ಕಗಳು ಆ ಮಾದರಿಯನ್ನೇ ಹಿಡಿದವು. ಕರಾವಳಿಯ ಪಕ್ಕದ ಮನೆಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕಾರವಾರ, ಮಲ್ಪೆಯಂಥ ಕಡೆ ಅರ್ಧ ಮನೆ ನೀರು, ಅರ್ಧ ನೆಲ. ನೆಲದ ಬಿಸಿಯನ್ನು ನೀರಿಗೆ ಬೆರೆಸಿಬಿಟ್ಟರೆ ಕಡಲು ಸುಮ್ಮಸುಮ್ಮನೆ ಕುದಿಯುತ್ತದೆ.

ಸ್ಕ್ರಿಪ್ಟಿನ ದಿನಚರಿ

ಸಾವಿರಾರು ಮನೆ, ದಿನಕ್ಕೊಂದು ಕಡತ. ಕೈಯಿಂದ ಮಾಡುವ ಕೆಲಸವಲ್ಲ. ಆದ್ದರಿಂದ ಸ್ಕ್ರಿಪ್ಟ್. ಅಂಕಿಗಳನ್ನು ಇಡುವ ರೂಢಿಯ ಕಡತಕ್ಕೆ ನೆಟ್‌ಸಿಡಿಎಫ್ ಎಂದು ಹೆಸರು. ಅಮೆರಿಕದ ಸಾಗರ ವಿಜ್ಞಾನಿಗಳು ರೂಪಿಸಿದ ಫೆರೆಟ್, ಜರ್ಮನಿಯ ಹ್ಯಾಂಬರ್ಗಿನ ಸಿಡಿಒ, ಈಚೆಗೆ ಎಲ್ಲರೂ ಕಲಿಯುತ್ತಿರುವ ಪೈಥಾನ್, ಇವೆಲ್ಲ ಅದನ್ನು ಓದುವ ಸಾಧನಗಳು, ಎಲ್ಲವೂ ಪುಕ್ಕಟೆ. ಬಾಲಕ್ಕೆ ಬಾಲ ಜೋಡಿಸುವ ಒಂದು ಆಜ್ಞೆಯ ಹೆಸರು ಎನ್‌ಸಿಆರ್‌ಕ್ಯಾಟ್. ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಸರಪಳಿಯಂತೆ ಪೋಣಿಸು ಎಂಬ ಇಂಗ್ಲಿಷ್ ಪದದ ತುಂಡು ಅದು.

ಆಜ್ಞೆ ಒಂದೇ ಸಾಲಿನದು. ಆ ಸಾಲು ಬರೆಯುವುದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಹತ್ತಾರು.

ಅಳತೆ ಸಿಗದ ಕಡೆ ಏನು ಬರೆದಿದ್ದಾರೆ? ಕೆಲವರು −999 ಎಂದು ಬರೆಯುತ್ತಾರೆ. 28, 29, −999 ಈ ಮೂರರ ಸರಾಸರಿ ತೆಗೆಯಿರಿ ಎಂದರೆ ಕಂಪ್ಯೂಟರ್ ಮರುಮಾತಿಲ್ಲದೆ −314 ಎನ್ನುತ್ತದೆ. ಜಗತ್ತಿನಲ್ಲಿ ಯಾವ ವಸ್ತುವೂ −273 ಡಿಗ್ರಿಗಿಂತ ತಣ್ಣಗಾಗದು ಎಂದು ಓದಿದ ವಿದ್ಯಾರ್ಥಿ ಕೂಡಲೆ ಹಿಡಿಯುತ್ತಾನೆ. ಆದರೆ ಸಿಗದ ಅಳತೆಗೆ 99.9 ಎಂದು ಬರೆದಿದ್ದು, ಅಂಥದು ಸಾವಿರದಲ್ಲಿ ಒಂದೆರಡೇ ಇದ್ದರೆ? ಸರಾಸರಿ ಒಂದಿಷ್ಟು ಏರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ದಿನವನ್ನು ಎಲ್ಲಿಂದ ಎಣಿಸಿದ್ದಾರೆ? ಆರ್ಗೋ ಕಡತಗಳಲ್ಲಿ ದಿನದ ಎಣಿಕೆ 1950ರ ಜನವರಿ 1ರಿಂದ. ಇನ್ನೊಂದು ಕಡತ 1900ರ ಜನವರಿ 1ರಿಂದ ಎಣಿಸಿದ್ದರೆ ಎರಡರ ನಡುವೆ 18262 ದಿನಗಳ ಅಂತರ. 1900 ಅಧಿಕ ವರ್ಷ ಎಂದು ತಪ್ಪು ಎಣಿಸಿದರೆ ಇನ್ನೊಂದು ದಿನ ಹೆಚ್ಚು. ಶಾಲೆಯಲ್ಲಿ ಹೇಳಿಕೊಡುವಂತೆ ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗಬೇಕು. ಮನೆಮನೆಯ ಕಂಪ್ಯೂಟರಿನಲ್ಲಿರುವ ಎಕ್ಸೆಲ್ ಇಂದಿಗೂ 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತದೆ, ನಂಬದವರು ನೋಡಬಹುದು.

ದಿನ ಶುರುವಾಗುವುದು ಯಾವಾಗ? ನಮ್ಮಲ್ಲಿ ಮಳೆಮಾಪಕ ನೋಡುವುದು ಬೆಳಿಗ್ಗೆ 8.30ಕ್ಕೆ. ಉಪಗ್ರಹದವರ ದಿನ ಗ್ರೀನಿಚ್ ಮಧ್ಯರಾತ್ರಿಗೆ, ಅಂದರೆ ನಮ್ಮ ನಸುಕಿನ 5.30ಕ್ಕೆ ಆರಂಭ. ಬೆಳಗಿನ ಏಳು ಗಂಟೆಗೆ ಬಿದ್ದ ಮಳೆ ಒಬ್ಬರಿಗೆ ಹಿಂದಿನ ದಿನದ ಲೆಕ್ಕ, ಇನ್ನೊಬ್ಬರಿಗೆ ಇಂದಿನದು.

ನಿನ್ನೆ ವಿದ್ಯುತ್ ಹೋಗಿ ಸ್ಕ್ರಿಪ್ಟ್ ನಡುವೆ ನಿಂತಿತ್ತು, ಇಂದು ಮತ್ತೆ ಓಡಿಸಿದರು; ನಿನ್ನೆಯ ದಿನ ಎರಡು ಸಲ ಸೇರಿತೆ? ಒಳ್ಳೆಯ ಸ್ಕ್ರಿಪ್ಟ್ ಹೊಸದನ್ನು ಅಂಟಿಸುವ ಮೊದಲು ಹಳೆಯದರ ಕೊನೆಯ ತಾರೀಖನ್ನು ಓದುತ್ತದೆ. ಅದರ ಮರುದಿನದಿಂದ ಮಾತ್ರ ಸೇರಿಸುತ್ತದೆ, ನಡುವೆ ದಿನ ಬಿಟ್ಟಿದ್ದರೆ ನಿಂತು ಹೇಳುತ್ತದೆ. ಕಿರಾಣಿ ಅಂಗಡಿಯ ಸೇಠ್ ಖಾತೆ ಬರೆಯುವ ಮೊದಲು ಹಿಂದಿನ ಬಾಕಿ ನೋಡುವಂತೆ.

ಸರಣಿಯ ಬಾಲ ಯಾವಾಗಲೂ ಹಸಿ ಎಂಬುದನ್ನೂ ನೆನಪಿಡಬೇಕು. ಫ್ಲೋಟಿನ ಅಂಕಿಗಳು 24 ಗಂಟೆಗಳೊಳಗೆ ಬಳಕೆಗೆ ಸಿಗುವಂತೆ ಬರುತ್ತವೆ, ಆದರೆ ತಜ್ಞರು ಕೂತು ಪರೀಕ್ಷಿಸಿ ತಿದ್ದಿದ ಪ್ರತಿ ಬರಲು ಸುಮಾರು ವರ್ಷವೇ ಹಿಡಿಯುತ್ತದೆ. ಆಗ ಹಸಿಯದನ್ನು ತೆಗೆದು ಮಾಗಿದ್ದನ್ನು ಇಡಬೇಕು. ಬರೀ ಸೇರಿಸುವುದನ್ನು ಬಲ್ಲ ಸ್ಕ್ರಿಪ್ಟ್ ಅರ್ಧ ಕೆಲಸ ಮಾತ್ರ ಬಲ್ಲದು.

ಹೊಲಿಗೆ ಬಿಟ್ಟ ಎರಡು ಜಾಗ

ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವ ಹೆಂಗಸರಿಗೆ ಗೊತ್ತು, ಕೌದಿ ಹರಿಯುವುದು ಹೊಲಿಗೆಯಲ್ಲಿ. ಕಡಲಿನ ದಾಖಲೆಯಲ್ಲಿಯೂ ಹಾಗೇ ಆಗಿದೆ.

1945ರ ಆಗಸ್ಟಿನ ಹೊತ್ತಿಗೆ ಇಡೀ ಜಗತ್ತಿನ ಸರಾಸರಿ ಉಷ್ಣತೆ ಸುಮಾರು 0.3 ಡಿಗ್ರಿ ಥಟ್ಟನೆ ಇಳಿದಂತೆ ದಾಖಲೆಗಳು ತೋರುತ್ತಿದ್ದವು. ಜ್ವಾಲಾಮುಖಿಯೇ, ಯುದ್ಧದ ಪರಿಣಾಮವೇ ಎಂದು ಯೋಚಿಸಬೇಕಾದ ಇಳಿತ. 2008ರಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಕಾರಣ ಬಿಡಿಸಿಟ್ಟರು. ಯುದ್ಧಕಾಲದಲ್ಲಿ ಹೆಚ್ಚಿನ ಅಳತೆಗಳು ಅಮೆರಿಕದ ಹಡಗುಗಳವು. ಅವರು ಅಳೆಯುತ್ತಿದ್ದುದು ಎಂಜಿನ್ ಕೋಣೆಗೆ ಎಳೆದುಕೊಂಡ ನೀರನ್ನು, ಅದು ತುಸು ಬೆಚ್ಚಗೆ. ಯುದ್ಧ ಮುಗಿಯುತ್ತಲೇ ಬ್ರಿಟಿಷ್ ಹಡಗುಗಳ ಪಾಲು ಹೆಚ್ಚಿತು. ಅವರದು ಬಕೆಟ್ಟಿನ ನೀರು. ಮೇಲೆತ್ತುವಷ್ಟರಲ್ಲಿ ಗಾಳಿಗೆ ಆರಿ ತಣ್ಣಗಾಗುವ ನೀರು. ತಣ್ಣಗಾದದ್ದು ಬಕೆಟ್ಟು, ಕಡಲಲ್ಲ!

ಎರಡನೆಯದು ತೀರ ಈಚಿನದು. 2003ರಿಂದ 2005ರ ನಡುವೆ ಕಡಲಿನ ಮೇಲ್ಪದರ ತಂಪಾಗಿದೆ ಎಂದು 2006ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತಿಗೇ ಇದು ಸವಾಲು. ಆ ವರ್ಷಗಳಲ್ಲೇ ಹಳೆಯ ಉಪಕರಣಗಳ ಜಾಗಕ್ಕೆ ಆರ್ಗೋ ಫ್ಲೋಟುಗಳು ಬರುತ್ತಿದ್ದವು. ಹಡಗಿನಿಂದ ಎಸೆಯುತ್ತಿದ್ದ ಹಳೆಯ ಉಪಕರಣದ ಅಂಕಿಗಳು ಇರುವುದಕ್ಕಿಂತ ಬೆಚ್ಚಗೆ ಬರುತ್ತಿದ್ದವು. ಹೊಸ ಫ್ಲೋಟುಗಳಲ್ಲಿ ಕೆಲವು ಆಳದ ಲೆಕ್ಕ ತಪ್ಪಿ ಇರುವುದಕ್ಕಿಂತ ತಂಪು ತೋರುತ್ತಿದ್ದವು. ಬೆಚ್ಚಗಿನದಕ್ಕೆ ತಂಪನ್ನು ಜೋಡಿಸಿದರೆ ಇಳಿಜಾರು ಕಾಣದೆ ಇರುತ್ತದೆಯೆ? 2007ರಲ್ಲಿ ಅದೇ ತಂಡದವರು ತಾವೇ ಮುಂದೆ ಬಂದು ತಿದ್ದುಪಡಿ ಪ್ರಕಟಿಸಿದರು. ವಿಜ್ಞಾನದಲ್ಲಿ ಮೆಚ್ಚಬೇಕಾದ ನಡತೆ ಅದು.

0.3 ಡಿಗ್ರಿ ಅಂದರೆ ಅಷ್ಟೇನು ಎನ್ನಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ. ವಿ. ಜೋಸೆಫ್ ಮತ್ತು ಎನ್. ವಿ. ಜೋಶಿಯವರೊಡನೆ 1984ರಲ್ಲಿ 'ನೇಚರ್'ನಲ್ಲಿ ಬರೆದ ಲೇಖನ ಇಲ್ಲಿ ನೆನಪಿಗೆ ಬರಬೇಕು. ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದ ಕಡೆಗಳಲ್ಲಿಯೇ ಮಳೆಮೋಡಗಳ ದೊಡ್ಡ ಸಮೂಹಗಳು ಕಟ್ಟುವ ಸಂಭವ ಹೆಚ್ಚು ಎಂದು ಅವರು ತೋರಿಸಿದರು. 28 ದಾಟಿದರೆ ಮೋಡ ಕಟ್ಟಿಯೇ ತೀರುತ್ತದೆ ಎಂದಲ್ಲ. ದಾಟದಿದ್ದರೆ ಆಸೆ ಕಡಿಮೆ. 27.8 ಮತ್ತು 28.1ರ ನಡುವೆ ಇರುವುದು ಅದೇ 0.3.

2002ರಲ್ಲಿ ಮುಂಗಾರು ವಾಡಿಕೆಯ ಶೇಕಡ 101ರಷ್ಟು ಎಂದು ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿತ್ತು. ಬಿದ್ದದ್ದು ಶೇಕಡ 81. ಜುಲೈ ತಿಂಗಳೊಂದರಲ್ಲೇ ದೇಶದ ಮಳೆ ಅರ್ಧಕ್ಕೆ ಇಳಿಯಿತು. ಅದು ಅಂಕಿ ಜೋಡಣೆಯ ತಪ್ಪಲ್ಲ. ಹಳೆಯ 16 ಅಂಶಗಳ ಸೂತ್ರದ ಮಿತಿ. ಆದರೆ ಆಮೇಲೆ ಬಂದ ವಿಧಾನಗಳು ಕಡಲಿನ ಅಂಕಿಗಳನ್ನು ಇನ್ನೂ ಹೆಚ್ಚು ನೆಚ್ಚಿವೆ. ಋತುಮಾನದ ಮುನ್ಸೂಚನೆಗೆ ಬಳಸುವ ಮಾದರಿಗೆ ಕಡಲಿನ ಆರಂಭದ ಸ್ಥಿತಿಯನ್ನು ಒದಗಿಸುವುದು ಹೈದರಾಬಾದಿನ ಅದೇ ಇನ್‌ಕಾಯಿಸ್. ಫ್ಲೋಟಿನ ಅಂಕಿ, ಗ್ರಿಡ್ಡಿನ ಮನೆ, ಮುನ್ಸೂಚನೆ, ಬಿತ್ತನೆ, ಹೀಗೆ ಒಂದರ ಬೆನ್ನಿಗೆ ಒಂದು.

ಊರಿನ ದಫ್ತರದಲ್ಲೂ ಅದೇ ಕತೆ

ಇಂಥ ಹೊಲಿಗೆಗಳು ಠಾಣಾ ಕುಶನೂರಿನ ಸುತ್ತಲೂ ಇವೆ. 1956ರವರೆಗೆ ಬೀದರ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗ. ನಿಜಾಮರ ಕಾಲದ ದಫ್ತರಗಳಲ್ಲಿ ವರ್ಷ ಫಸಲಿಯದು. ಫಸಲಿ 1357 ಅಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್. ಮೆಟ್ರಿಕ್ ಪದ್ಧತಿ ಬರುವ ಮೊದಲು ಮಳೆ ಇಂಚು, ಸೆಂಟ್ಸ್‌ಗಳಲ್ಲಿ. 2 ಇಂಚು 50 ಸೆಂಟ್ಸ್ ಅಂದರೆ 63.5 ಮಿಲಿಮೀಟರ್. ಈಚೆಗೆ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ತಾನೇ ವರದಿ ಕಳಿಸುವ ಮಳೆಮಾಪಕಗಳು ಬಂದಿವೆ. 1988ರಲ್ಲಿ ಬರದ ಉಸ್ತುವಾರಿಗಾಗಿ ಹುಟ್ಟಿ, ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಅವುಗಳನ್ನು ನಡೆಸುತ್ತದೆ.

ಬರ ಘೋಷಿಸುವಾಗ ನೋಡುವ ಮುಖ್ಯ ಅಂಶಗಳಲ್ಲಿ ವಾಡಿಕೆ ಮಳೆಗಿಂತ ಈ ವರ್ಷ ಎಷ್ಟು ಕಡಿಮೆ ಎಂಬುದೊಂದು. ವಾಡಿಕೆ ಎಂಬುದು ಹಳೆಯ ಮಾಪಕಗಳ ದೀರ್ಘ ಸರಣಿಯಿಂದ ಬರುತ್ತದೆ. ಈ ವರ್ಷದ್ದು ಹೊಸ ಮಾಪಕದಿಂದ. ಎರಡೂ ಕೆಲವು ವರ್ಷ ಒಟ್ಟಿಗೆ ಓಡಿದ್ದರೆ, ಅವುಗಳ ನಡುವಿನ ವ್ಯತ್ಯಾಸ ತಿಳಿದಿದ್ದರೆ, ಹೋಲಿಕೆಗೆ ಬೆಲೆಯುಂಟು. ಇಲ್ಲದಿದ್ದರೆ ಬಕೆಟ್ಟಿನ ಕತೆಯೇ. ಅದರ ಬೆಲೆ ತೆರುವವನು ರೈತ.

ಮಗ ಕಂಪ್ಯೂಟರ್ ಕಲಿಯಲಿ ಎನ್ನುವ ತಂದೆತಾಯಿಗಳು ಸಾಮಾನ್ಯವಾಗಿ ನೆನೆಯುವುದು ಬೆಂಗಳೂರಿನ ಕಂಪನಿಗಳನ್ನು. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್‌ಸಿ.ಯವರಿಗೆ ಈ ದಾರಿಯೂ ತೆರೆದಿದೆ. ಸಾಗರ ಮತ್ತು ವಾಯುಮಂಡಲ ವಿಜ್ಞಾನಗಳ ಉನ್ನತ ವ್ಯಾಸಂಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದೆ, ಕೊಚ್ಚಿ, ವಿಶಾಖಪಟ್ಟಣಗಳ ವಿಶ್ವವಿದ್ಯಾಲಯಗಳಲ್ಲಿದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರಿಂದ ಕೆಲಸ ಮಾಡುತ್ತಿದೆ. ಆರ್ಗೋ ಅಂಕಿಗಳಂತೂ ಇಡೀ ಜಗತ್ತಿಗೆ ಉಚಿತ. ಔರಾದದಲ್ಲಿ ಕೂತ ವಿದ್ಯಾರ್ಥಿಗೂ ಸಿಯಾಟಲ್‌ನಲ್ಲಿ ಕೂತ ವಿಜ್ಞಾನಿಗೂ ಸಿಗುವ ಕಡತ ಒಂದೇ.

ಅಷ್ಟರವರೆಗೆ ಕಾಗದ, ಪೆನ್ಸಿಲ್ಲು ಸಾಕು. ಒಂದು ಲೆಕ್ಕ ಇಲ್ಲಿದೆ. ಆರಿದ್ರಾ ಮೇಲಿನಂತೆಯೇ 70 ಮಿಲಿಮೀಟರ್. ಪುನರ್ವಸು ಜುಲೈ 6ರಿಂದ 19ರವರೆಗೆ, 98. ಪುಷ್ಯ ಜುಲೈ 20ರಿಂದ ಆಗಸ್ಟ್ 2ರವರೆಗೆ, 84. ಜುಲೈ ತಿಂಗಳ ಮಳೆ ಎಷ್ಟು? ದಿನಕ್ಕೆ ಸಮನಾಗಿ ಹಂಚಿದರೆ 25, 98 ಮತ್ತು 72 ಸೇರಿ 195 ಬರುತ್ತದೆ. ಪುಷ್ಯದ ಮಳೆಯೆಲ್ಲ ಆಗಸ್ಟ್ 1ರ ರಾತ್ರಿಯೇ ಬಿದ್ದಿದ್ದರೆ ಜುಲೈಗೆ ಉಳಿಯುವುದು 123.